ನಾಗಿಯ ನಿದ್ದೆ

ಮನ್ಮನೆಯ ನಾಗಿಯಂಥ ಹಟಮಾರಿ ಸಿದ್ದಾಪುರ ಸೀಮೆಯಲ್ಲೇ ಇಲ್ಲ. ಗಂಡ ಶಂಕ್ರಪ್ಪ ಹಲಸಿನ ಮರದಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಎಂಟು ತಿಂಗಳು. ಬೆನ್ನು ಹುಣ್ಣಾಗದಂತೆ ಎರಡೆರಡು ತಾಸಿಗೆ ಮಗ್ಗುಲು ಬದಲಿಸಬೇಕು. ಹಗಲೂ ರಾತ್ರಿ ಅವಳೇ ಮಾಡಿದಳು, ಬೇರೆಯವರ ಕೈ ತಾಗಗೊಡಲಿಲ್ಲ. ಕೊನೆಗೊಂದು ದಿನ ಒಲೆ ಮುಂದೆಯೇ ತಲೆಸುತ್ತಿ ಬಿದ್ದಳು. ಬಿ.ಪಿ. ನೋಡಿದ ಡಾಕ್ಟರು, ಹೀಗೇ ನಿದ್ದೆಗೆಟ್ಟರೆ ಜೀವಕ್ಕೇ ಅಪಾಯ ಎಂದರು.

ಆಮೇಲೆ ಡಾಕ್ಟರೇ ಹೇಳಿ ಶುರುಮಾಡಿಸಿದ್ದು ಪ್ರತಿ ಬುಧವಾರದ ಫೋನು. ರೋಗಿಯನ್ನು ನೋಡಿಕೊಳ್ಳುವ ಮನೆಮಂದಿಯ ಆರೋಗ್ಯ ವಿಚಾರಿಸುವುದು ಶಿರಸಿಯ ನಿವೃತ್ತ ನರ್ಸ್ ಪರಿಮಳಾ ಅವರ ಕೆಲಸ. ಊಟ, ನಿದ್ದೆ ಬರೆದಿಡಲು ಹೇಳಿದ್ದರು. ನಾಗಿ ಮಂಚದ ಪಕ್ಕವೇ ನಿಂತು ಓದಿದಳು.

"ಬೆಳಿಗ್ಗೆ ಮೂರು ದೋಸೆ. ನಿದ್ದೆ ಏಳು ತಾಸು."

"ಶಾಬಾಸ್! ಏಳು ತಾಸು ಮಲಗಿದ್ಯಾ?"

"ನಾನಲ್ಲ ಅಕ್ಕೋರೇ, ಇವ್ರು."

"ಅಯ್ಯೋ ಮಾರಾಯ್ತಿ, ನಾ ಕೇಳಿದ್ದು ನಿಂದು!"

"ನಂದೆಂತ ಬರೆಯೂದು?"

ಪರಿಮಳಾ ಫೋನನ್ನು ಶಂಕ್ರಪ್ಪನಿಗೆ ಕೊಡಿಸಿದರು. "ಕೈ ಗಟ್ಟಿ ಇದಾವಲ್ಲ? ಡಾಕ್ಟರನ್ನ ಕೇಳಿ, ಮಂಚದ ಮೇಲಿನ ತೊಲೆಗೆ ಹಗ್ಗ ಕಟ್ಟಿಸಿ. ನೀವೇ ಹೊರಳೂದು ಕಲೀರಿ."

ಡಾಕ್ಟರು ಹೂಂ ಅಂದರು, ಶಂಕ್ರಪ್ಪನ ತಮ್ಮ ಬಂದು ಹಗ್ಗ ಕಟ್ಟಿದ. ಮೊದಲ ದಿನ ಶಂಕ್ರಪ್ಪ ಮಂಚದ ಅಂಚಿಗೇ ಜಾರಿದ. ನಾಗಿ ಕಿರುಚಿದಳು. "ಸಾಕು ನಿಮ್ಮ ಶೂರತನ! ನಾ ಸತ್ತಿದ್ನಾ?"

"ಸಾಯೂಕೇ ಹೊರಟಿದ್ಯಲ್ಲ ನೀನು!" ಶಂಕ್ರಪ್ಪ ಸಿಡುಕಿದ. "ಚಾಕರಿಗಲ್ಲ ಮಾರಾಯ್ತಿ, ನೀ ಬೇಕು ನಂಗೆ."

ನಾಗಿ ಒಳಗೆ ಹೋದಳು. ಮರುದಿನ ದಿಂಬು ಹಿಡಿದು ಪಕ್ಕದಲ್ಲೇ ನಿಂತಳು, ಬೈಯಲಿಲ್ಲ. ಒಂದು ತಿಂಗಳು ಅಂಗೈ ಸುಲಿಯುವಷ್ಟು ಹಗ್ಗ ಜಗ್ಗಿ ಶಂಕ್ರಪ್ಪ ಹೊರಳಿದ, ಕಾಲುಗಳನ್ನು ಕೈಯಿಂದಲೇ ಎಳೆದು ಸರಿಮಾಡಿಕೊಳ್ಳಲು ಕಲಿತ.

ತಿಂಗಳು ತುಂಬಿದ ಬುಧವಾರ ಮಧ್ಯಾಹ್ನ ಮೂರಕ್ಕೆ ಮಂಚದ ಪಕ್ಕದ ಫೋನು ಟ್ರಿಣ್ ಎನ್ನುತ್ತಲೇ ಶಂಕ್ರಪ್ಪ ತಟ್ಟನೆ ಎತ್ತಿದ.

"ನಾಗಿಗೆ ಕೊಡಿ."

"ಆಗೂದಿಲ್ಲ ಅಕ್ಕೋರೇ," ಎಂದು ಪಿಸುಗುಟ್ಟಿದ. "ಮಲಗಿದಾಳೆ. ಎರಡೂವರೆ ತಾಸಾತು. ನಾನೇ ಒಂದ್ಸಲ ಹೊರಳಿದೆ."

"ಖರೇನಾ?"

ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ರಿಸೀವರನ್ನು ಚಾಪೆಯ ಕಡೆ ಚಾಚಿ ಹಿಡಿದ. ನಾಗಿ ಬಾಯಿ ತೆರೆದು ಗೊರಗೊರ ಗೊರಕೆ ಹೊಡೆಯುತ್ತಿದ್ದಳು.