ನೋಡುವವರಿಗೆ ನಿಷೇಧವಿಲ್ಲ

ನನ್ನ ಗಂಡ ಅಸೇಲಿ ಡೆಂಗೆ ಜ್ವರದಲ್ಲಿ ತೀರಿಕೊಂಡಾಗ ಊರಿನವರು ಅವನ ಹೆಸರಿನಲ್ಲಿ ಹವಳದ ದಿಬ್ಬವನ್ನು ಮುಚ್ಚಿದರು. ಸತ್ತವನು ಊರಿನ ಯಜಮಾನರ ಮಗ. ಫಿಜಿಯಲ್ಲಿ ಪದ್ಧತಿ ಇರುವುದೇ ಹಾಗೆ. ತೆಂಗಿನ ಗರಿ ಕಟ್ಟಿದ ಕಂಬವೊಂದನ್ನು ದಿಬ್ಬದ ಅಂಚಿನಲ್ಲಿ ನೆಟ್ಟರು. ನೂರು ರಾತ್ರಿ ಕಳೆದು ಶೋಕದ ಊಟ ಆಗುವವರೆಗೆ ಅಲ್ಲಿ ಯಾರೂ ಬಲೆ ಬೀಸುವಂತಿಲ್ಲ, ಗಾಳ ಹಾಕುವಂತಿಲ್ಲ. ನಾವು ಕಡಲ ಮುಂದೆ ಕೂತು ಡಬ್ಬಿಯ ಮೀನು ತಿಂದೆವು.

ಮೀನುಗಳಿಗೆ ಸುದ್ದಿ ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ದಿಬ್ಬ ತುಂಬಿಕೊಂಡಿತು. ಕೊಲ್ಲಿಯ ಆಚೆಯ ರೆಸಾರ್ಟಿಗೂ ಸುದ್ದಿ ಮುಟ್ಟಿತು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವವರ ದೋಣಿಗಳು ಬರತೊಡಗಿದವು.

ಬದುಕಿದ್ದಾಗ ಅಸೇಲಿ ಇಂಥವರಿಗೇ ದಾರಿ ತೋರಿಸುತ್ತಿದ್ದವನು. ನೀರಿನಲ್ಲಿ ಕೈ ಕಟ್ಟಿಕೊಂಡಿರಿ, ಕಾಲು ನಿಧಾನ ಆಡಿಸಿ ಎಂದು ದಿನವೂ ಹೇಳುತ್ತಿದ್ದ. ಈಗ ಹೇಳುವವರಿರಲಿಲ್ಲ. ನಾನು ರಾಜಧಾನಿ ಸುವಾದಲ್ಲಿ ಕಡಲ ಜೀವಶಾಸ್ತ್ರ ಓದಿದವಳು. ಕಪ್ಪು ಬಟ್ಟೆಯಲ್ಲೇ ಈಜಿ ಹೋಗಿ ನೋಡಿದೆ. ಕವಲು ಹವಳಗಳು ಮುರಿದು ಬಿದ್ದಿದ್ದವು. ಮುರಿದ ತುದಿ ಬೆಳ್ಳಗಿತ್ತು. ಅವು ಬೆರಳುದ್ದ ಬೆಳೆಯಲು ವರ್ಷ ಬೇಕು.

ಶೋಕದಲ್ಲಿರುವ ಸೊಸೆ ಮಾವನೆದುರು ಕೂತು ವಾದಿಸುವುದು ನಮ್ಮಲ್ಲಿಲ್ಲ. ಸೋದರಮಾವನ ಮಗನಿಗೆ ಮಾತ್ರ ಎಲ್ಲಿ ಬೇಕಾದರೂ ತಮಾಷೆ ಮಾಡುವ ಹಕ್ಕುಂಟು, ಸಾವಿನ ಮನೆಯಲ್ಲೂ. ನನ್ನ ಸೋದರಮಾವನ ಮಗ ಅಪೆನಿಸಾ ರೆಸಾರ್ಟಿನ ದೋಣಿ ಓಡಿಸುತ್ತಾನೆ. ದೋಣಿಗಳನ್ನು ನಿಲ್ಲಿಸುವ ಮಾತು ನೀನೇ ಎತ್ತು ಎಂದೆ.

"ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕ್ಕೋಬೇಕಾ ಮಾರಾಯ್ತಿ? ಓದಿದವಳು ನೀನು, ಬೈಸ್ಕೊಳ್ಳೋನು ನಾನು," ಎಂದ. ಆದರೂ ಒಪ್ಪಿದ.

ಮರುದಿನ ರೆಸಾರ್ಟಿನ ಮ್ಯಾನೇಜರ್ ಕಾಲಿನ್ ತಾನೇ ಬಂದ. ಅರೆದು ನೀರಿಗೆ ಬೆರೆಸಿ ಕುಡಿಯುವ ಯಾಂಗೋನಾ ಬೇರಿನ ದೊಡ್ಡ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಮಾವನ ಮುಂದಿಟ್ಟು, ದಿಬ್ಬದಲ್ಲಿ ಮುಳುಗಲು ಅಪ್ಪಣೆ ಕೇಳಿದ. ಹಾಗೆ ಇಟ್ಟ ಬೇರನ್ನು ಮುಟ್ಟಿದರೆ ಕೇಳಿದ್ದನ್ನು ಕೊಟ್ಟಂತೆ. ಮಾವ ಮುಟ್ಟಿದರು. ಹಿರಿಯರು ಚಪ್ಪಾಳೆ ತಟ್ಟಿದರು. ಆಮೇಲೆ ಅಪೆನಿಸಾ ಬಾಗಿಲ ಬಳಿಯಿಂದ ಹವಳ ಮುರಿಯುವ ಮಾತೆತ್ತಿದ.

"ಹವಳ ಯಾರು ತಿಂತಾರೋ?" ಎಂದರು ಮಾವ. "ನಿಷೇಧ ಇರೋದು ತಿನ್ನೋದಕ್ಕೆ. ಇವರು ನೋಡ್ತಾರೆ, ಅಷ್ಟೇ. ನೋಡೋಕೆ ನಿಷೇಧ ಹಾಕಿದ ಹಿರಿಯರು ಯಾರೂ ಇಲ್ಲ."

"ಹಾಗಾದ್ರೆ ಸಾವಿನ ಮನೆಗೆ ಬಂದ ಹಾಗೆ ನೋಡಲಿ ಯಜಮಾನರೇ. ಕಪ್ಪು ಬಟ್ಟೆ ಕಟ್ಟಿಕೊಂಡು, ಕೈಕಟ್ಟಿ, ಕ್ಯಾಮೆರಾ ದೋಣೀಲಿ ಬಿಟ್ಟು. ಬೇಕಿದ್ರೆ ಅಳಲಿ. ಉಪ್ಪುನೀರಿಗೆ ಉಪ್ಪುನೀರು," ಎಂದ ಅಪೆನಿಸಾ.

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಯಾಂಗೋನಾ ಕುಡಿದು ಮುಗಿದ ತೆಂಗಿನ ಚಿಪ್ಪನ್ನು ಕೆಳಗಿಟ್ಟು, ಇನ್ನು ಮೇಲೆ ಅದೇ ನಿಯಮ ಎಂದುಬಿಟ್ಟರು. ಅಪೆನಿಸಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಅಷ್ಟು ತಂಟೆಯಾದರೆ ಬರುವವರು ತಾವಾಗಿಯೇ ನಿಲ್ಲುತ್ತಾರೆ ಎಂದು ನಾನೂ ಅಂದುಕೊಂಡೆ.

ಬರುವವರು ಇಮ್ಮಡಿಯಾದರು. ಸತ್ತವನಿಗಾಗಿ ಮುಚ್ಚಿದ ಕಡಲಿನಲ್ಲಿ ಮೌನವಾಗಿ ಮುಳುಗುವುದು ಬೇರೆಲ್ಲೂ ಸಿಗುವುದಿಲ್ಲವಂತೆ. ಕಾಲಿನ್ ಎಲ್ಲರ ತೋಳಿಗೂ ಕಪ್ಪು ಪಟ್ಟಿ ಹೊಲಿಸಿದ. ದೋಣಿ ಹತ್ತುವಾಗ ಅವರು ಮಾತಾಡುತ್ತಿರಲಿಲ್ಲ, ಇಳಿಯುವಾಗ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಸೇಲಿಯ ಹೆಸರನ್ನು ತಪ್ಪಾಗಿ, ಆದರೆ ಭಕ್ತಿಯಿಂದ ಹೇಳುತ್ತಿದ್ದರು. ಕೈಯನ್ನೇನೋ ಕಟ್ಟಿಕೊಂಡರು. ಕೈಕಟ್ಟಿ ಈಜಲು ಬಾರದವರ ಕಾಲು ಮಾತ್ರ ಎಲ್ಲೆಲ್ಲೋ ಬಡಿಯುತ್ತಿತ್ತು.

ಆಮೇಲೆ ಕಾಲಿನ್ ನನ್ನನ್ನೇ ಕರೆದ. ಹೆಂಡತಿಯೇ ಜೊತೆಗೆ ಇಳಿದರೆ ಅವರಿಗೆ ಸಮಾಧಾನವಾಗುತ್ತದೆ ಎಂದ. ಯಾರಿಗೆ ಎಂದು ನಾನು ಕೇಳಲಿಲ್ಲ. ದಡದಲ್ಲಿ ಕೂತು ಮುರಿದ ತುಂಡು ಹೆಕ್ಕುವುದಕ್ಕಿಂತ ಕೆಳಗಿದ್ದು ಕಾಲು ತಡೆಯುವುದು ಮೇಲು ಅನ್ನಿಸಿತು. ಕಪ್ಪು ಉಟ್ಟುಕೊಂಡು ಬರಬಹುದೇ ಎಂದು ಸಂಕೋಚದಿಂದ ಕೇಳಿದ. ನನ್ನ ಬಳಿ ಬೇರೆ ಬಣ್ಣ ಇರಲಿಲ್ಲ.

ಮೊದಲ ದಿನ ಆರು ಜನ. ಅಸೇಲಿ ಕಲಿಸಿದಂತೆ ಎಲ್ಲರನ್ನೂ ದಿಬ್ಬಕ್ಕಿಂತ ಮೇಲೆ, ಅಡ್ಡಡ್ಡ ತೇಲುವಂತೆ ನಿಲ್ಲಿಸಿದೆ. ಯಾರ ಕಾಲೂ ತಾಗಲಿಲ್ಲ. ಅವನಿಷ್ಟದ ಬೀಸಣಿಗೆ ಹವಳದ ಬಳಿ ಬಂದಾಗ ನಾನು ಸ್ವಲ್ಪ ಹೊತ್ತು ನಿಂತಿರಬೇಕು. ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ವಯಸ್ಸಾದವಳು. ಮುಳುಗುವಾಗ ಹಾಕುವ ಕನ್ನಡಕದೊಳಗೆ ಕಣ್ಣು ಕೆಂಪಾಗಿತ್ತು. ಅವಳು ಕಟ್ಟಿದ ಕೈ ಬಿಚ್ಚಿ, ತೋಳು ಚಾಚಿ, ನೆಟ್ಟಗೆ ನನ್ನ ಕಡೆ ಬಂದಳು. ಬರುವಾಗ ಕಾಲಿನ ರಬ್ಬರ್ ರೆಕ್ಕೆ ಬೀಸಣಿಗೆಯನ್ನು ಅರ್ಧಕ್ಕೆ ಸೀಳಿತು. ಅವಳಿಗೆ ಗೊತ್ತಾಗಲಿಲ್ಲ. ನನ್ನನ್ನು ತಬ್ಬಿಕೊಂಡಳು.

ಇನ್ನೊಂದು ಸಲ ಕಾಲು ಆಡಿಸಿದರೆ ಉಳಿದರ್ಧವೂ ಹೋಗುತ್ತಿತ್ತು. ನಾನು ಅವಳನ್ನು ಅಲುಗಾಡದಂತೆ ಬಿಗಿಯಾಗಿ ಅಪ್ಪಿ ಹಿಡಿದೆ. ಸುತ್ತ ಐದು ಜನ ತಲೆ ತಗ್ಗಿಸಿ ನಿಂತರು. ನಾನು ಬಿಡಲಿಲ್ಲ.