ಎರಡನೇ ಡಿಸ್ಕಿನಲ್ಲಿದ್ದ ದನಿ

ನಾನು ಒಂದು ಹಾರ್ಡ್ ಡಿಸ್ಕ್. ಅಂಗೈಯಗಲದ ಲೋಹದ ಪೆಟ್ಟಿಗೆ, ಒಳಗೆ ಕನ್ನಡಿಯಂತೆ ಹೊಳೆಯುವ ಮೂರು ತಟ್ಟೆಗಳು, ಇಷ್ಟೇ ನನ್ನ ಮೈ. ಕಡಲಾಚೆಯ ಕಾರ್ಖಾನೆಯೊಂದರಲ್ಲಿ, ಕಣ್ಣು ಮಾತ್ರ ಕಾಣುವಂತೆ ಬಿಳಿಬಟ್ಟೆ ತೊಟ್ಟ ಹೆಂಗಸರ ಕೈಯಲ್ಲಿ ಹುಟ್ಟಿದೆ. ಅಲ್ಲಿ ಧೂಳಿನ ಒಂದು ಕಣಕ್ಕೂ ಪ್ರವೇಶವಿರಲಿಲ್ಲ. ಹುಬ್ಬಳ್ಳಿಗೆ ಬಂದ ಮೇಲೆ ಧೂಳೆಂದರೇನೆಂದು ತಿಳಿಯಿತು.

ಅಂಗಡಿಯಿಂದ ನನ್ನನ್ನು ಕೊಂಡು ತಂದವರು ನದಾಫ್. ಕಾಲೇಜೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವರದು. ಬಿಡುವಿದ್ದಾಗ ಅಂಧ ವಿದ್ಯಾರ್ಥಿಗಳ ಒಂದು ಗ್ರಂಥಾಲಯಕ್ಕೆ ಬಂದು ಪುಕ್ಕಟೆ ದುಡಿಯುತ್ತಿದ್ದರು. ಅದು ಕೇಳುವ ಪುಸ್ತಕಗಳ ಗ್ರಂಥಾಲಯ. ಅಲ್ಲಿನ ಯುನಿಕ್ಸ್ ಸರ್ವರಿನಲ್ಲಿ, ಎಲ್ಲರಿಗೂ ಪಾಠ ಹಂಚುವ ಕಂಪ್ಯೂಟರಿನಲ್ಲಿ, ನನ್ನನ್ನು ಕೂರಿಸಿದರು. ಯಾರೋ ಪಾಠ ಓದುತ್ತಿದ್ದರು, ನಾನು ಹಿಡಿದಿಟ್ಟುಕೊಳ್ಳುತ್ತಿದ್ದೆ, ಹಾಸ್ಟೆಲಿನ ಮಕ್ಕಳು ಕೇಳುತ್ತಿದ್ದರು. ಮೇಲ್ವಿಚಾರಕರು ಪ್ರಭಯ್ಯ ಹಿರೇಮಠ. ಹನ್ನೊಂದನೇ ವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರು.

ಎಂಟು ವರ್ಷಗಳಲ್ಲಿ ನನ್ನೊಳಗೆ ಅತಿ ಹೆಚ್ಚು ತುಂಬಿದ್ದು ಗಂಗಾಂಬಿಕಾ ಟೀಚರ ದನಿ. ನಿವೃತ್ತರಾದ ಮೇಲೂ ದಿನ ಬಿಟ್ಟು ದಿನ ಬಂದು ಓದುತ್ತಿದ್ದರು. ಕೊನೆಯ ವರ್ಷ ಆ ದನಿ ಒಡೆಯತೊಡಗಿತು. ಗಂಟಲಿನಲ್ಲಿ ಕ್ಯಾನ್ಸರ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ವೈದ್ಯರು ಹೇಳಿದರು. ದ್ವಿತೀಯ ಪಿಯುಸಿ ಇತಿಹಾಸದಲ್ಲಿ ಇನ್ನೂ ಮೂರು ಅಧ್ಯಾಯ ಬಾಕಿ ಇದ್ದವು.

ಒಂದು ಶುಕ್ರವಾರ ಬೆಳಿಗ್ಗೆ ಅವರು ಓದುತ್ತಿದ್ದಾಗ ರೆಕಾರ್ಡಿಂಗ್ ನಿಂತುಹೋಯಿತು. ನನ್ನಲ್ಲಿ ಜಾಗ ಮುಗಿದಿತ್ತು. ಪ್ರಭಯ್ಯನವರು ಫೋನು ಮಾಡಿದರು, ನದಾಫ್ ಓಡಿ ಬಂದರು.

"ಡಿಸ್ಕ್ ತುಂಬೈತ್ರಿ ಟೀಚರ್. ದೊಡ್ಡ ಡಿಸ್ಕಿಗೆ ಎಲ್ಲಾ ಹಾಕಬೇಕಂದ್ರ ಸರ್ವರ್ ಬಂದ್ ಮಾಡಬೇಕು. ಎರಡು ದಿನ ಹಿಡೀತೈತಿ."

"ಸೋಮವಾರ ನನ್ನ ಗಂಟಲಾ ಕೊಯ್ತಾರಪ್ಪಾ," ಎಂದರು ಟೀಚರ್. "ಎರಡು ದಿನ ನಾ ಎಲ್ಲಿಂದ ತರಲಿ?"

ಪಕ್ಕದ ಕೋಣೆಯಲ್ಲಿ ಹನ್ನೊಂದು ಮಕ್ಕಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಹತ್ತು ದಿನದಲ್ಲಿ ಪರೀಕ್ಷೆ. ನದಾಫ್ ಸರ್ವರಿನ ಮುಚ್ಚಳ ತೆಗೆದು ಒಳಗೆ ಇಣುಕಿದರು.

"ಒಂದು ದಾರಿ ಐತ್ರಿ. ಬಂದ್ ಮಾಡದನ ಇನ್ನೊಂದು ಡಿಸ್ಕ್ ಇದಕ್ಕ ಜೋಡಿಸಿ ಜಾಗ ಹಿಗ್ಗಿಸಬಹುದು. ಆದ್ರ ಎರಡೂ ಕೂಡಿ ಒಂದ ಆಗ್ತಾವ. ಮುಂದ ಒಂದು ಸತ್ರ ಇನ್ನೊಂದೂ ಸತ್ತಂಗ."

"ಜೋಡಿಸ್ರಿ," ಎಂದರು ಪ್ರಭಯ್ಯ. "ಮುಂದಿಂದ ಮುಂದ ನೋಡೂಣು."

ನದಾಫ್ ತಮ್ಮ ಮನೆಯ ಕಂಪ್ಯೂಟರಿನಿಂದ ಹಳೆಯ ಡಿಸ್ಕೊಂದನ್ನು ಬಿಚ್ಚಿ ತಂದು, ನನ್ನ ಪಕ್ಕದ ಖಾಲಿ ಗೂಡಿನಲ್ಲಿ ಕೂರಿಸಿದರು. ಮಕ್ಕಳು ಪಾಠ ಕೇಳುತ್ತಲೇ ಇದ್ದರು, ನಾನು ಕೊಡುತ್ತಲೇ ಇದ್ದೆ. ಅದರ ನಡುವೆಯೇ ನನ್ನ ಎಲ್ಲೆ ಆ ಹೊಸ ಜೊತೆಗಾರನ ಮೈಮೇಲೆ ಹರಡಿಕೊಂಡಿತು. ಒಂದು ಮಗುವೂ ತಲೆ ಎತ್ತಲಿಲ್ಲ. ಬೆವರು ಒರೆಸಿಕೊಂಡು ನದಾಫ್ ಹೇಳಿದರು: "ಓದ್ರಿ ಟೀಚರ್."

ಶನಿವಾರ ಸಂಜೆಗೆ ಮೂರೂ ಅಧ್ಯಾಯ ಮುಗಿದವು. ಭಾನುವಾರ ಟೀಚರ್ ಮತ್ತೆ ಬಂದರು, ಪುಸ್ತಕವಿಲ್ಲದೆ. ಬಾಗಿಲು ಹಾಕಿಕೊಂಡು ಗಂಡನಿಗಾಗಿ ಮಾತಾಡಿದರು. "ಏಳ್ರಿ, ಚಾ ಆರಾಕತ್ತೈತಿ." "ಛತ್ರಿ ಮರತ್ರಿ ನೋಡ್ರಿ." "ಇವತ್ತ ಸಾರಿಗೆ ಉಪ್ಪು ಜಾಸ್ತಿ ಆಗೇತೇನು?" ನಡುವೆ ಒಮ್ಮೆ ನಕ್ಕರು. ನಲವತ್ತು ನಿಮಿಷ. ನನ್ನಲ್ಲಿ ಎಡೆಯಿರಲಿಲ್ಲ, ಅದೆಲ್ಲ ಪಕ್ಕದವನ ಮೇಲೆ ಇಳಿಯಿತು.

"ಈಗ ಕೊಡಬ್ಯಾಡ್ರಿ," ಎಂದು ಪ್ರಭಯ್ಯನವರಿಗೆ ಹೇಳಿದರು. "ಅವರಿಗೆ ಕೇಳೂ ಧೈರ್ಯಾ ಇಲ್ಲ. ತಾವಾಗಿ ಕೇಳಿದ ದಿನಾ ಕೊಡ್ರಿ."

ಇನ್ನೊಂದು ಪ್ರತಿ ಮಾಡಿಡಬೇಕೆಂದು ನದಾಫರಿಗೆ ಗೊತ್ತಿತ್ತು. ಮುಂದಿನ ವಾರ ಎಂದರು. ಕಾಲೇಜಿನಲ್ಲಿ ಪರೀಕ್ಷೆ ಬಂತು, ಮಗಳಿಗೆ ಜ್ವರ ಬಂತು. ಮುಂದಿನ ವಾರ, ಮುಂದಿನ ವಾರ ಎನ್ನುತ್ತ ವರ್ಷವೇ ಕಳೆಯಿತು. ಒಂದು ಮಧ್ಯಾಹ್ನ ಪಕ್ಕದವನೊಳಗೆ ಟಕ್ ಟಕ್ ಎಂಬ ಸದ್ದು ಎದ್ದಿತು. ಅದು ಏನೆಂದು ನನಗೆ ತಿಳಿಯಿತು. ಕೂಗಲು ನನಗೆ ಬಾಯಿರಲಿಲ್ಲ. ಸಂಜೆಗೆ ಅವನು ತಿರುಗುವುದನ್ನು ನಿಲ್ಲಿಸಿದ, ಅವನೊಂದಿಗೆ ನಾನೂ ಮೂಕನಾದೆ.

ನದಾಫ್ ಐದು ದಿನ ರಜೆ ಹಾಕಿ ನನ್ನ ಮುಂದೆ ಕೂತರು. ನನ್ನ ಮೇಲಿದ್ದುದನ್ನೆಲ್ಲ ಒಂದೊಂದಾಗಿ ಎತ್ತಿ ಬೇರೆಡೆ ಇಟ್ಟರು. ಕೊನೆಯ ಮೂರು ಅಧ್ಯಾಯಗಳ ಪ್ರತಿ ಮಕ್ಕಳ ಫೋನುಗಳಲ್ಲಿ ಸಿಕ್ಕಿತು. ಯಾರ ಬಳಿಯೂ ಇಲ್ಲದ್ದು ಆ ನಲವತ್ತು ನಿಮಿಷ ಮಾತ್ರ.

ಎರಡು ತಿಂಗಳ ಮೇಲೆ ಟೀಚರ್ ಗಂಡನ ಜೊತೆ ಬಂದರು, ಆಪರೇಷನ್ ಆದ ಮೇಲೆ ಇದೇ ಮೊದಲ ಸಲ. ಕುತ್ತಿಗೆಗೆ ತೆಳುವಾದ ಬಟ್ಟೆ ಸುತ್ತಿಕೊಂಡಿದ್ದರು. ಗಂಡ ಫಕೀರಪ್ಪ, ಬಸ್ ಕಂಡಕ್ಟರಾಗಿದ್ದವರು, ಬಾಗಿಲಲ್ಲೇ ನಿಂತು ಹೇಳಿದರು: "ಅದೇನೋ ಇಟ್ಟಾಳಂತಲ್ರಿ. ಈಗ ಕೇಳಬೇಕನಸ್ತೈತಿ."

ನದಾಫ್ ಎದ್ದು ನಿಂತರು. "ಹೋಗಿಬಿಟ್ಟೈತ್ರಿ. ನಂದ ತಪ್ಪು," ಎಂದರು.

ಟೀಚರ್ ಪ್ರಭಯ್ಯನವರ ಬಳಿ ಹೋದರು. ಅವರಿಗೆ ಕಣ್ಣಿಲ್ಲ, ಇವರಿಗೆ ದನಿಯಿಲ್ಲ. ಪ್ರಭಯ್ಯನವರ ಅಂಗೈ ಹಿಡಿದು ಬೆರಳಿನಿಂದ ನಿಧಾನ ಬರೆದರು. ಹನ್ನೊಂದು ವರ್ಷದವರೆಗೆ ಕಲಿತಿದ್ದ ಅಕ್ಷರಗಳನ್ನು ನೆನಪು ಮಾಡಿಕೊಳ್ಳುತ್ತ ಪ್ರಭಯ್ಯ ಗಟ್ಟಿಯಾಗಿ ಓದಿದರು.

"ಹು... ಡು... ಗ... ರು... ಪಾಸ್... ಆದ್ರೇನು?"

"ಆದ್ರು ಟೀಚರ್. ಹನ್ನೊಂದೂ ಮಂದಿ."

ಟೀಚರ್ ತಲೆಯಾಡಿಸಿದರು. ಅದು ಅವರಿಗೆ ಕಾಣದೆಂದು ನೆನಪಾಗಿ, ಕೈಯನ್ನು ಒಮ್ಮೆ ಒತ್ತಿದರು.

ಫಕೀರಪ್ಪ ಕುರ್ಚಿ ಎಳೆದುಕೊಂಡು ಕೂತರು. "ಆಕಿ ಓದಿದ್ದು ಯಾವುದಾರ ಒಂದು ಪಾಠಾ ಹಾಕ್ರಿ. ಅದೂ ಆಕೀ ದನೀನ ಅಲ್ಲೇನು," ಎಂದರು. ನದಾಫ್ ಅವರ ಕಿವಿಗೆ ಹೆಡ್‌ಫೋನ್ ಇಟ್ಟರು. ಬಾದಾಮಿ ಚಾಲುಕ್ಯರ ಪಾಠ ಶುರುವಾಯಿತು. ಅವರು ಕಣ್ಣು ಮುಚ್ಚಿಕೊಂಡು ಇಡೀ ಪಾಠ ಕೇಳಿದರು. ಟೀಚರ್ ಪಕ್ಕದಲ್ಲಿ ನಿಂತು ಅವರ ಮುಖವನ್ನೇ ನೋಡುತ್ತಿದ್ದರು.

ಈಗ ಅಲ್ಲಿ ಹೊಸ ಡಿಸ್ಕುಗಳಿವೆ, ಪ್ರತಿಯೊಂದು ದನಿಗೂ ಎರಡು ಪ್ರತಿಗಳಿವೆ. ನಾನು ನದಾಫರ ಮೇಜಿನ ಡ್ರಾಯರಿನಲ್ಲಿದ್ದೇನೆ. ಗುಜರಿಗೆ ಹಾಕಲು ಅವರಿಗೆ ಮನಸ್ಸಾಗಿಲ್ಲ. ಲಕ್ಷಾಂತರ ಮಾತುಗಳನ್ನು ಹೊತ್ತಿದ್ದೆ, ಅವು ಒಂದೂ ನೆನಪಾಗುವುದಿಲ್ಲ; ನಾನು ಹೊರದೆ ಬಿಟ್ಟ ಆ ನಲವತ್ತು ನಿಮಿಷವೇ ನೆನಪಾಗುತ್ತದೆ. ನನ್ನಲ್ಲಿ ಇನ್ನೊಂದು ಗಳಿಗೆಯಷ್ಟು ಎಡೆ ಉಳಿದಿದ್ದರೆ, "ಚಾ ಆರಾಕತ್ತೈತಿ" ಎಂಬ ಮಾತಾದರೂ ಆ ಮನೆಗೆ ಸಿಗುತ್ತಿತ್ತು.