ತಲೆಕೆಳಗಾದ ಆನೆ

ಹುರುಳಿಕಾಯಿಯ ನಾರು ತೆಗೆಯುತ್ತಲೇ ಅಜ್ಜಿ ಓರೆಗಣ್ಣಿನಲ್ಲಿ ಅಳೆದಳು. ನಿನ್ನೆ ಬಾಗಿಲ ಹತ್ತಿರವಿದ್ದ ಟೀಚರಮ್ಮನ ಕುರ್ಚಿ ಇಂದು ಇನ್ನಷ್ಟು ಇತ್ತ, ಕಪಾಟಿನ ಪಕ್ಕಕ್ಕೆ ಬಂದಿದೆ. ಹಾಲಿನ ಪಾತ್ರೆಯ ಕಡೆಗೆ ಬೆಕ್ಕು ಸರಿಯುವ ಹಾಗೆ.

ಶಾಲೆ ಬಿಟ್ಟ ಮೇಲಿನ ಖಾಲಿ ತರಗತಿ ಅದು. ಮೊಮ್ಮಗಳು ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆ, ಅದಕ್ಕೇ ಅವಳಿಗೆ ಗಿಣಿ ಎಂಬ ಹೆಸರು. ಶಾಲೆಯ ಗೇಟು ದಾಟಿದರೆ ಮಾತ್ರ ತುಟಿಗೆ ಹೊಲಿಗೆ. "ಮನೇಲಿ ಮಾಡೋ ಕೆಲ್ಸಾನೇ ಇಲ್ಲಿ ತಂದು ಮಾಡಿ, ಅವಳ ಜೊತೆ ಮಾತಾಡ್ತಿರಿ. ನಾನು ಇಲ್ಲ ಅಂದ್ಕೊಳ್ಳಿ" ಎಂದಿದ್ದಳು ಟೀಚರು. ಅಂದಿನಿಂದ ಬೆನ್ನು ತಿರುಗಿಸಿ ಕುಳಿತು ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತಾಳೆ. ಮಗುವನ್ನು ಒಂದು ಮಾತೂ ಕೇಳುವುದಿಲ್ಲ.

ಕೇಳದವಳು ಕಲಿಸುವುದೇನು? ಇದರಲ್ಲಿ ಏನೋ ಮಸಲತ್ತಿದೆ. ಮಗುವನ್ನು ಮೂಕರ ಶಾಲೆಗೆ ಸೇರಿಸುತ್ತೀರೋ, ಇಲ್ಲೇ ಈ ಟೀಚರ ಕೈಗೆ ಬಿಡುತ್ತೀರೋ, ಬರೆದು ತಿಳಿಸಿ ಎಂದು ಹೆಡ್‌ಮೇಡಂ ಕೇಳಿ ಬಹಳ ದಿನವಾಗಿತ್ತು. "ಇಲ್ಲೇ ಇರಲಿ" ಎಂದು ಬರೆದ ಉತ್ತರ ಅಜ್ಜಿಯ ಚೀಲದಲ್ಲೇ ಮಾಸುತ್ತಿತ್ತು. ಕೊಟ್ಟರೆ ಈಕೆಯ ಕೈಗೆ ಜುಟ್ಟು ಕೊಟ್ಟಂತೆ. ನಾಳೆ ಇವಳೇ "ನೋಡಿದೆ, ಇದಕ್ಕೆ ಮಾತು ಬರೋದಿಲ್ಲ" ಎಂದುಬಿಟ್ಟರೆ?

ಗಿಣಿ ಅಜ್ಜಿಯ ಕಿವಿಗೆ ಬಾಯಿಟ್ಟಳು. "ಅಜ್ಜೀ, ಟೀಚರು ಆನೆ ಚಿತ್ರಾನ ತಲೆಕೆಳಗೆ ಅಂಟಿಸ್ತಿದಾರೆ. ನೀ ಹೇಳು."

ಬೇರೆ ದಿನವಾಗಿದ್ದರೆ ಅಜ್ಜಿ ಹೇಳಿಬಿಡುತ್ತಿದ್ದಳು. ಹೊರಗಿನವರೆದುರು ಗಿಣಿಯ ಪಾಲಿನ ಮಾತೆಲ್ಲ ಅವಳದೇ. ಇಂದು ಹಟ ಬಂತು. "ಅಂಟಿಸ್ಲಿ ಬಿಡೇ. ಮರ್ಯಾದೆ ಹೋದ್ರೆ ಅವಳ್ದು, ನಂಗೇನು?"

ಬ್ರಷ್ಷು ಮತ್ತೆ ಅಂಟಿನ ಡಬ್ಬಿಗೆ ಇಳಿಯಿತು. ಗಿಣಿ ಚಡಪಡಿಸಿದಳು, ಅಜ್ಜಿಯ ಮೊಣಕೈ ಜಗ್ಗಿದಳು. ಅಜ್ಜಿ ಕಾಯಿ ಮುರಿಯುತ್ತಲೇ ಇದ್ದಳು.

"ಆನೆ ತಲೆಕೆಳಗಾಗಿದೆ."

ಸಣ್ಣ ದನಿ, ಆದರೆ ಕಪಾಟಿನವರೆಗೂ ಹೋಯಿತು. ಅಜ್ಜಿಯ ಕೈ ನಿಂತಿತು. ಟೀಚರು ತಿರುಗಲಿಲ್ಲ, ಶಭಾಷ್ ಎನ್ನಲಿಲ್ಲ. "ಹೌದಲ್ವಾ. ಒಣಗೋಕ್ ಮುಂಚೆ ಕಿತ್ತು ಸರಿ ಮಾಡ್ತೀನಿ" ಎಂದಳು, ಪಕ್ಕದ ಮನೆಯವರಿಗೆ ಹೇಳುವ ಹಾಗೆ.

"ಮೆಲ್ಲಗೆ ಕೀಳಿ. ಸೊಂಡಿಲು ಹರಿಯತ್ತೆ" ಎಂದಿತು ಗಿಣಿ.

ಹೊರಡುವಾಗ ಅಜ್ಜಿ ಟೀಚರನ್ನು ಬಾಗಿಲಲ್ಲಿ ತಡೆದಳು. "ಬೇಕಂತ್ಲೇ ಮಾಡಿದ್ಯೇನಮ್ಮ?"

"ಇಲ್ಲಮ್ಮಾ, ಕನ್ನಡಕ ಮನೇಲೇ ಬಿಟ್ಟು ಬಂದಿದ್ದೆ. ಕಾಣ್ಲಿಲ್ಲ."

ಟೀಚರ ಚೀಲದ ಬಾಯಿಂದ ಕನ್ನಡಕದ ಕಡ್ಡಿ ಇಣುಕುತ್ತಿತ್ತು.

ಸುಳ್ಳಿ, ಎಂದುಕೊಂಡಳು ಅಜ್ಜಿ. ಹೆಡ್‌ಮೇಡಂ ಕೋಣೆಯ ಹೊರಗಿನ ಟಪಾಲು ಪೆಟ್ಟಿಗೆಗೆ ಮಾಸಿದ ಆ ಕಾಗದವನ್ನು ಹಾಕಿ, ತಳಕ್ಕೆ ಬಿದ್ದ ಸದ್ದು ಕೇಳುವ ತನಕ ಅಲ್ಲೇ ನಿಂತಳು.